ತಗಡಿನ ಮೇಲಿನ ನಾಲ್ಕು ಟಾಯರು

ಕಳೆದ ವಾರ ಗದಗಿನಲ್ಲಿ ಸ್ಕೂಟರಿನ ಹಿಂದಿನ ಟಾಯರು ಬದಲಿಸಲು ಹೋಗಿದ್ದೆವು. ಹಿಡಿತಕ್ಕಿರುವ ಬಟನ್ ಎಲ್ಲ ಸವೆದು ಅದು ನಮ್ಮ ಮನೆಯವರ ನೆತ್ತಿಯಷ್ಟೇ ನುಣುಪಾಗಿತ್ತು. ಅಂಗಡಿಯೊಳಗೆ ಕಾಲಿಡುತ್ತಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಕೆಲವರಿಗೆ ಆ ವಾಸನೆ ಸೇರುತ್ತದಂತೆ. ನನಗೆ ಮಾತ್ರ ಅದು ಬಂದರೆ ಸಾಕು, ಲಕ್ಷ್ಮೇಶ್ವರದ ಆ ಮಳೆಗಾಲ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಅಂಗಡಿಯವರು ಹಳೆಯ ಟಾಯರು ಬಿಚ್ಚಿ ಗೋಡೆಗೆ ಒರಗಿಸಿ, "ಇದನ್ನ ಒಯ್ತೀರೇನ್ರಿ, ಇಲ್ಲೇ ಬಿಡ್ತೀರಿ?" ಎಂದು ಕೇಳಿದರು.

"ಹಿಂದ ಕಟ್ರಿ. ಮನ್ಯಾಗ ಯಾತಕ್ಕರ ಬರ್ತೈತಿ," ಎಂದರು ನಮ್ಮ ಮನೆಯವರು.

"ಬ್ಯಾಡ!" ಎಂದು ನಾನು ಕೂಗಿದ ಕೂಗಿಗೆ ಅಂಗಡಿಯವರ ಕೈಯಲ್ಲಿನ ಪಾನಾ ಕೆಳಗೆ ಬಿತ್ತು.

"ಒಂದ ಹಳೇ ಟಾಯರ್ ಸಲುವಾಗಿ ಹಿಂಗ್ಯಾಕ ಒದರ್ತೀ?" ಎಂದು ಮನೆಯವರು ದಾರಿಯುದ್ದಕ್ಕೂ ಕೇಳಿದರು. ತಲೆನೋವೆಂದು ಹೇಳಿ ತಪ್ಪಿಸಿಕೊಂಡೆ. ಲಕ್ಷ್ಮೇಶ್ವರದ್ದು ನನ್ನ ಮದುವೆಗೆ ಮೊದಲಿನ ಮಾತು. ಇವತ್ತಿನವರೆಗೂ ಯಾರಿಗೂ ಪೂರ್ತಿ ಹೇಳಿಲ್ಲ. ಎದುರಿಗೆ ಕೂತವರ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ಮಳೆಗಾಲಕ್ಕೆ ನನ್ನನ್ನು ಲಕ್ಷ್ಮೇಶ್ವರಕ್ಕೆ ಹಾಕಿದ್ದರು. ಗುತ್ತಿಗೆಯ ಮೇಲಿನ ಆರೋಗ್ಯ ಸಹಾಯಕಿಯ ಕೆಲಸ. ಮಗಳಿಗೆ ನೌಕರಿ ಸಿಕ್ಕಿತೆಂದು ನಮ್ಮವ್ವ ಬೆಟಗೇರಿಯ ಓಣಿಗೆಲ್ಲ ಪೇಢೆ ಹಂಚಿದಳು. ಕೆಲಸ ಏನೆಂದು ಮಾತ್ರ ಆಕೆಗೆ ನಾನು ಬಿಡಿಸಿ ಹೇಳಲಿಲ್ಲ. ಮಂದಿಯ ಮನೆಗಳಿಗೆ ಹೋಗಿ, ನಿಂತ ನೀರಿಗೆಲ್ಲ ಬ್ಯಾಟರಿಯ ಬೆಳಕು ಬಿಟ್ಟು, ಒಳಗೆ ಸೊಳ್ಳೆಯ ಮರಿಹುಳ ಕುಣಿಯುತ್ತಿವೆಯೇ ಎಂದು ಇಣುಕುವುದು. ಇದ್ದರೆ ನೀರು ಚೆಲ್ಲಿಸುವುದು, ಇಲ್ಲದಿದ್ದರೆ ಇಲ್ಲವೆಂದು ಬರೆಯುವುದು. ದಿನಾ ಮುಂಜಾನೆ ಗದಗಿನಿಂದ ಬಸ್ಸು ಹತ್ತುತ್ತಿದ್ದೆ. ಚಳಿಗಾಲಕ್ಕೆ ದೂರದೇಶದ ಹಕ್ಕಿಗಳು ಬಂದಿಳಿಯುವ ಮಾಗಡಿ ಕೆರೆ ದಾಟುವಾಗ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಿದ್ದರು, ಆ ತಿಂಗಳಲ್ಲಿ ಹಕ್ಕಿಗಳಿರುವುದಿಲ್ಲ ಎಂದು ಗೊತ್ತಿದ್ದರೂ.

ನನ್ನ ಜೊತೆಗೆ ಆಶಾ ಕಾರ್ಯಕರ್ತೆ ನೀಲವ್ವ ಇರುತ್ತಿದ್ದಳು. ಊರಿನ ಓಣಿ ಓಣಿ ಬಲ್ಲವಳು, ಮಾತಿಗೆ ಮುಂದು. ಮನೆ ನೋಡಿ ಮುಗಿದ ಮೇಲೆ ಬಾಗಿಲ ಪಕ್ಕದ ಗೋಡೆಗೆ ಸುಣ್ಣದ ಕಡ್ಡಿಯಿಂದ ತಾರೀಖು ಬರೆದು ಗುರುತು ಹಾಕುವುದು ಅವಳ ಕೆಲಸ. ಹಾಳೆ ತುಂಬಿ ಸಹಿ ಮಾಡುವುದು ನನ್ನದು. ಹಾಳೆಯಲ್ಲಿ ಒಂದು ಪಟ್ಟಿ ಅಚ್ಚಾಗಿತ್ತು: ನೀರಿನ ಹೌದ, ಬ್ಯಾರಲ್, ಕೊಡ, ಹೂಕುಂಡ, ತೆಂಗಿನ ಚಿಪ್ಪು, ಟೈರು. ವಾರ ಕಳೆದು ನಲ್ಲಿ ನೀರು ಬರುವ ಊರಿನಲ್ಲಿ ಮಂದಿ ಒಳಕಲ್ಲಿನ ಕುಳಿಯೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ನೀರು ತುಂಬಿಡುತ್ತಿದ್ದರು. ಅದನ್ನು ಚೆಲ್ಲಿರೆಂದು ಹೇಳಲು ಹೋದರೆ, "ನಾಳೆ ನಿಮ್ಮ ಮನಿಂದ ಎರಡು ಕೊಡ ತಂದು ಕೊಡ್ರಿ ಮತ್ತ," ಎಂದು ಹೆಣ್ಣುಮಕ್ಕಳು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈಸಿಕೊಳ್ಳುವುದೂ ನೌಕರಿಯ ಭಾಗ ಎಂದು ನೀಲವ್ವ ಮೊದಲ ದಿನವೇ ಕಲಿಸಿದ್ದಳು.

ಹಾಳೆಯಲ್ಲಿ ಟೈರು ಎಂದಿದ್ದರೂ ಊರ ಬಾಯಲ್ಲಿ ಅದು ಟಾಯರು. ಗಾಲಿಯ ರಬ್ಬರಿಗೆ ಇಟ್ಟ ಹೆಸರು ಎಲ್ಲೆಲ್ಲಿಗೋ ಹೋಗಿ ಕೂತಿತ್ತು. ಚಕ್ಕಡಿಗೆ ಕಬ್ಬಿಣದ ಹಳಿ ಹೋಗಿ ರಬ್ಬರು ಬಂದದ್ದಕ್ಕೆ ಅದು ಟಾಯರ್ ಗಾಡಿ. ಹೊಲಕ್ಕೆ ಹೋಗುವವರ ಕಾಲಲ್ಲಿ ಟಾಯರ್ ಚಪ್ಪಲಿ. ನಡ ದಪ್ಪಗಾದ ಗಂಡಸನ್ನು ಕಂಡರೆ "ಟಾಯರ್ ಬಂದೈತಲ್ಲೋ" ಎನ್ನುತ್ತಿದ್ದರು, ದಣಿದು ಕಟ್ಟೆಗೆ ಕೂತವನು ತನ್ನದು ಪಂಚರ್ ಆಗಿದೆ ಎನ್ನುತ್ತಿದ್ದ. ತಮಾಷೆಯೆಂದರೆ, ನಿಜವಾದ ಟಾಯರು ಗಾಲಿ ಬಿಟ್ಟು ಮನೆಗೆ ಬಂತೆಂದರೆ ಯಾರೂ ಅದನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಅರ್ಧಕ್ಕೆ ಸೀಳಿ ಆಡುಗಳಿಗೆ ನೀರಿಟ್ಟರೆ ಅದು ಬಾನಿ. ಗಡಿಗೆಯ ಕೆಳಗಿಟ್ಟರೆ ಸಿಂಬಿ. ಬೇವಿನ ಟೊಂಗೆಗೆ ಕಟ್ಟಿದರೆ ಜೋಕಾಲಿ. ಹಿತ್ತಲಲ್ಲಿ ಬಾನಿ ಕಣ್ಣಿಗೆ ಕಾಣುತ್ತಲೇ ಇರುತ್ತಿತ್ತು, ನಾನು "ಟಾಯರ್ ಅದಾವೇನ್ರಿ?" ಎಂದು ಕೇಳಿದರೆ "ಇಲ್ಲವಾ, ನಮ್ಮಲ್ಲಿ ಗಾಡೀನ ಇಲ್ಲ" ಎನ್ನುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಎರಡು ವಾರದಲ್ಲಿ ಬುದ್ಧಿ ಬಂತು. ಕೇಳಬಾರದು, ಹೋಗಿ ಕಣ್ಣಿಂದ ನೋಡಬೇಕು. ಇದನ್ನು ನೀಲವ್ವನಿಗೂ ದಿನಾ ಹೇಳುತ್ತಿದ್ದೆ, ದೊಡ್ಡ ಪಂಡಿತೆಯ ಹಾಗೆ.

ಖಾಜಾಸಾಬರ ಪರಿಚಯವಾದದ್ದು ಟಾಯರಿನಿಂದಲೇ. ಶಿರಹಟ್ಟಿ ರಸ್ತೆಯ ಬದಿಗೆ ಅವರ ಪಂಚರ್ ಅಂಗಡಿ. ಅರವತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ, ಎಷ್ಟು ತೊಳೆದರೂ ಹೋಗದ ಕಪ್ಪು ಕೈ. ಅಂಗಡಿಯ ಮುಂದೆ ಹಳೆಯ ಟಾಯರುಗಳು ರಾಶಿ ಬಿದ್ದಿದ್ದವು, ಎಲ್ಲದರಲ್ಲೂ ಮಳೆನೀರು. ನಾನು ಬ್ಯಾಟರಿ ಬಿಟ್ಟು ತೋರಿಸಿದೆ. ಕೂದಲಿನ ತುಂಡಿನಂಥ ಹುಳಗಳು ಮೇಲೆ ಕೆಳಗೆ ಆಡುತ್ತಿದ್ದವು.

"ಕಾಕಾ, ಡೆಂಗಿ ಸೊಳ್ಳಿ ಹುಟ್ಟೂದು ಇಂಥಾ ತಿಳಿನೀರಾಗರಿ. ಇದನ್ನ ಚೆಲ್ಲಬೇಕು," ಎಂದೆ.

ಅವರು ಒಂದು ಟಾಯರು ಎತ್ತಿ ಬಗ್ಗಿಸಿ ತೋರಿಸಿದರು. ಊರವರು ನರ್ಸಮ್ಮನನ್ನು ಕರೆಯುವಂತೆ ನನ್ನನ್ನೂ ಬಾಯಾರ ಎನ್ನುತ್ತಿದ್ದರು. "ಟಾಯರಿನ್ಯಾಗ ಹೊಕ್ಕ ನೀರು ಪೂರಾ ಹೊರಗ ಬರಂಗಿಲ್ರಿ ಬಾಯಾರ. ಹೆಂಗ ಹೊಳ್ಳಿಸಿದ್ರೂ ಮಡಚಿನ್ಯಾಗ ಒಂದಿಷ್ಟು ಉಳೀತೈತಿ. ನೀರು ಹೋಗಲಾರದಂಗ ಇಡಬೇಕು, ಅದ ಖರೆ ದಾರಿ."

ಮರುವಾರ ಹೋದಾಗ ಅಂಗಡಿಯ ಮುಂದೆ ಒಂದೂ ಟಾಯರಿರಲಿಲ್ಲ. ಎಲ್ಲವನ್ನೂ ಒಳಗೆ ಒಂದರ ಮೇಲೊಂದು ಪೇರಿಸಿ, ಮೇಲೆ ತಾಡಪಾಲು ಹೊದಿಸಿ, ಗಟ್ಟಿಯಾಗಿ ಹಗ್ಗ ಬಿಗಿದಿದ್ದರು. ನನಗಾದ ಖುಷಿ ಹೇಳತೀರದು. ಇಡೀ ಊರಿನಲ್ಲಿ ನನ್ನ ಮಾತು ಕೇಳಿದ ಮೊದಲ ಮನುಷ್ಯ ಅವರು. ಅಲ್ಲಿಂದ ಮುಂದೆ ಅವರ ಅಂಗಡಿಯ ಬೆಂಚಿನ ಮೇಲೆ ಐದು ನಿಮಿಷ ಕೂರದೆ ನನ್ನ ದಿನ ಮುಗಿಯುತ್ತಿರಲಿಲ್ಲ. ಚಹಾ ತರಿಸುತ್ತಿದ್ದರು, ಕೈ ಕೆಲಸ ಮಾಡುತ್ತಿದ್ದ ಹಾಗೆಯೇ ಮಾತಾಡುತ್ತಿದ್ದರು.

"ಟಾಯರ್ ಅಂದ್ರ ಏನು ಅಂತ ತಿಳದೀರಿ ಬಾಯಾರ?" ಎಂದು ಒಮ್ಮೆ ಕೇಳಿದರು. "ಮಂದಿ ಟಾಯರಿಗೆ ಗಾಳಿ ಹೊಡೀರಿ ಅಂತಾರ. ಗಾಳಿ ಹೊಡಿಯೂದು ಟ್ಯೂಬಿಗ್ರಿ. ಟಾಯರ್ ಅಂದ್ರ ಟ್ಯೂಬ್ ಕಾಯೂದು. ಕಲ್ಲು, ಮುಳ್ಳು, ಮೊಳಿ ಎಲ್ಲಾ ತಾ ತಿಂದು, ಒಳಗಿಂದಕ್ಕ ತಾಕಲಾರದಂಗ ನೋಡ್ಕೊಳ್ಳೂದು. ಗಾಲಿಗೆ ಇರೂತನಕ ಅಷ್ಟ ಅದು ಟಾಯರು. ಗಾಲಿ ಬಿಡ್ತು ಅಂದ್ರ ಬರೇ ರಬ್ಬರು."

ಹಾಳೆಯ ಅಂಚಿನಲ್ಲಿ ಆ ಮಾತನ್ನು ಬರೆದಿಟ್ಟುಕೊಂಡೆ. ಉಳಿದ ಪಂಚರ್ ಅಂಗಡಿಗಳಿಗೆಲ್ಲ ಹೋಗಿ, "ಖಾಜಾ ಕಾಕಾರ ಅಂಗಡಿ ನೋಡಿ ಬರ್ರಿ ಒಮ್ಮೆ," ಎಂದು ಹೇಳುವುದು ನನಗೆ ಚಟವಾಯಿತು. ಕಡೆಗೆ ನೀಲವ್ವನೇ, "ಅಕ್ಕಾರ, ಅವರಿಗೆ ಒಂದು ಹಾರ ಹಾಕಿಬಿಡ್ರಿ, ಈ ಹೊಗಳಿಕಿ ಕೇಳಿ ನನಗ ಸಾಕಾತು," ಎಂದು ನಕ್ಕಳು.

ಆಷಾಢದ ಗಾಳಿ ಜೋರಾಗಿದ್ದಾಗ ಅವರ ಮನೆಯಿದ್ದ ಓಣಿಯ ಪಾಳಿ ಬಂತು. ರಸ್ತೆಯ ಹಿಂದಿನ ಸಣ್ಣ ಮನೆ. ಖಾಜಾಸಾಬರ ಹೆಂಡತಿ ಹಜರತಬೀ ಬಾಗಿಲಿಗೇ ಬಂದು ಕೈಹಿಡಿದು ಒಳಗೆ ಕರೆದರು. ಮಗಳು ರೇಷ್ಮಾ ಚೊಚ್ಚಲ ಹೆರಿಗೆಗೆಂದು ಮುಂಡರಗಿಯ ಗಂಡನ ಮನೆಯಿಂದ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಇಪ್ಪತ್ತೆರಡರ ಹುಡುಗಿ, ನನ್ನದೇ ಓರಗೆಯವಳು. ನಕ್ಕರೆ ಇಡೀ ಮುಖ ನಗುತ್ತಿತ್ತು.

ಹೌದ ನೋಡಿದೆ, ಬ್ಯಾರಲ್ ನೋಡಿದೆ. ಎಲ್ಲಕ್ಕೂ ಮುಚ್ಚಳ, ಮುಚ್ಚಳದ ಮೇಲೆ ಹಳೆಯ ಸೀರೆಯ ಬಟ್ಟೆ ಕಟ್ಟಿತ್ತು. ಹಿತ್ತಲಲ್ಲಿ ಮಗಳ ಬಾಣಂತನಕ್ಕೆಂದು ಖಾಜಾಸಾಬರು ತಾವೇ ಹೊಸದೊಂದು ಖೋಲಿ ಕಟ್ಟಿದ್ದರು. ಇಟ್ಟಿಗೆಯ ಗೋಡೆ, ಮೇಲೆ ತಗಡು. ಒಂದು ಮಂಚ, ಒಂದು ಕಿಟಕಿ, ಕಿಟಕಿಗೆ ಸೊಳ್ಳೆಯ ಜಾಳಿಗೆ. ಆ ಜಾಳಿಗೆ ನೋಡಿ ನನಗೆ ಹೆಮ್ಮೆಯೇ ಆಯಿತು, ನಾನೇ ಕಟ್ಟಿಸಿದಂತೆ. ಮಂಚದ ಮೇಲೆ ಕೂಸಿನ ಕುಂಚಿಗೆ ಅರ್ಧ ಹೊಲಿದು ಇಟ್ಟಿತ್ತು. ನಾವು ಅಲ್ಲೇ ಕೂತು ಚಹಾ ಕುಡಿದೆವು. ಮೇಲೆ ಗಾಳಿ ಬೀಸಿ ತಗಡು ಗುಂಯ್ ಎಂದಿತು.

"ಹಾರಿ ಹೋದೀತು ಇದು!" ಎಂದೆ.

"ಇಲ್ರಿ ಅಕ್ಕಾ," ರೇಷ್ಮಾ ನಕ್ಕಳು. "ತಗಡು ಹಾರಿ ಮುಂಡರಗಿ ಮುಟ್ಟಬಾರ್ದು ಅಂತ ಅಬ್ಬಾ ಭಾರಿ ಬಂದೋಬಸ್ತ್ ಮಾಡ್ಯಾರ."

ಏನು ಬಂದೋಬಸ್ತು ಎಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ಖಾಜಾಸಾಬರು ಊಟಕ್ಕೆಂದು ಮನೆಗೆ ಬಂದರು. ಪದ್ಧತಿಯಂತೆ ಕೇಳಿದೆ, "ಕಾಕಾ, ಮನ್ಯಾಗ ಹಳೇ ಟಾಯರ್ ಏನರ ಅದಾವೇನ್ರಿ?"

"ಮನ್ಯಾಗ ಟಾಯರ್ ಎಲ್ಲಿವು? ಟಾಯರ್ ಎಲ್ಲಾ ಅಂಗಡ್ಯಾಗ, ನೀವ ನೋಡೀರಲ್ಲ," ಎಂದರು ಅವರು, ಕೈ ತೊಳೆಯುತ್ತ.

ನೀಲವ್ವ ಗೋಡೆಗೆ ಒರಗಿಸಿದ್ದ ನಿಚ್ಚಣಿಕೆಯ ಹತ್ತಿರ ನಿಂತಿದ್ದಳು. "ಅಕ್ಕಾರ, ಮ್ಯಾಲೊಮ್ಮೆ ನೋಡೂನೇನ್ರಿ?" ಎಂದಳು.

"ಬಿಡ ನೀಲವ್ವ. ಕಾಕಾರ ಮನಿ ಇದು. ಅವರಿಗಿಂತ ಹೆಚ್ಚಿಗೆ ನಾವೇನು ನೋಡ್ತೀವಿ?" ಎಂದೆ.

ಹೇಳಿದ್ದು ನಾನು, ಬೇರೆ ಯಾರೂ ಅಲ್ಲ. ಟೈರು ಎಂಬ ಪದದ ಮುಂದೆ "ಇಲ್ಲ" ಎಂದು ಬರೆದು ಸಹಿ ಮಾಡಿದೆ. ನೀಲವ್ವ ಗೋಡೆಗೆ ಗುರುತು ಹಾಕಿದಳು. ಹಜರತಬೀ ದಾರಿಗೆಂದು ನನ್ನ ಚೀಲದಲ್ಲಿ ನಾಲ್ಕು ಚಕ್ಕುಲಿ ಹಾಕಿದರು.

ಆಮೇಲೆ ಮೂರ್ನಾಲ್ಕು ವಾರ ಮಳೆ ಬಿಸಿಲು ಆಡಿಕೊಂಡು ಬಂದವು. ಒಂದು ದಿನ ಮಳೆ ಬಂದರೆ ಎರಡು ದಿನ ಸುಡುಬಿಸಿಲು. ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಊರಲ್ಲಿ ಅಲ್ಲೊಂದು ಇಲ್ಲೊಂದು ಜ್ವರ ಕಾಣಿಸಿಕೊಂಡಿತು. ಒಂದು ಮಧ್ಯಾಹ್ನ ಖಾಜಾಸಾಬರ ಅಂಗಡಿ ಮುಚ್ಚಿತ್ತು. ಮನೆಗೆ ಹೋದೆ.

"ರೇಷ್ಮಾಗ ಜ್ವರ ಬಂದು ಮೂರು ದಿನ ಆತ್ರಿ ಬಾಯಾರ," ಎಂದರು ಹಜರತಬೀ. "ಮಳ್ಯಾಗ ತೋಯಿಸಿಕೊಂಡ್ಲು, ಅದಕ್ಕ ಅಂತ ಮಾಡಿದ್ವಿ. ಗುಳಿಗಿ ಕೊಟ್ರ ಇಳೀತೈತಿ, ಮತ್ತ ಏರ್ತೈತಿ."

ರೇಷ್ಮಾ ಹಿತ್ತಲ ಖೋಲಿಯ ಮಂಚದ ಮೇಲೆ ಮಲಗಿದ್ದಳು. ಕಣ್ಣಗುಡ್ಡೆಯ ಹಿಂದೆ ನೋವು ಎಂದಳು. ತೋಳಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಓದಿದ್ದೆಲ್ಲ ಒಮ್ಮೆಲೇ ನೆನಪಾಯಿತು. ಅಂದೇ ರಕ್ತ ಪರೀಕ್ಷೆ ಮಾಡಿಸಿದೆವು. ಡೆಂಗಿಯೇ. ಇಲ್ಲಿ ಇಟ್ಟುಕೊಳ್ಳುವುದು ಬೇಡ, ಗದಗಿಗೆ ಒಯ್ಯಿರಿ ಎಂದರು ಡಾಕ್ಟರು. ಆಂಬುಲೆನ್ಸಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. "ಅಕ್ಕಾ, ಕೂಸಿಗೇನೂ ಆಗಂಗಿಲ್ಲಲ್ರಿ?" ಎಂದು ಕೇಳಿದಳು. ಆಗುವುದಿಲ್ಲ ಎಂದೆ. ನನಗೇನು ಗೊತ್ತಿತ್ತು?

ಜ್ವರ ಬಂದ ಮನೆಯನ್ನೂ ಅಕ್ಕಪಕ್ಕದ ಮನೆಗಳನ್ನೂ ಮರುದಿನವೇ ಮತ್ತೆ ನೋಡಬೇಕೆಂಬುದು ನಿಯಮ. ಹಜರತಬೀ ಮಗಳ ಬಟ್ಟೆ ಒಯ್ಯಲೆಂದು ಮನೆಗೆ ಬಂದಿದ್ದರು. ಹೌದ, ಬ್ಯಾರಲ್ ಎಲ್ಲ ಮೊದಲಿನಂತೆಯೇ ಚೊಕ್ಕ. ಈ ಸಲ ನೀಲವ್ವ ಏನೂ ಕೇಳಲಿಲ್ಲ, ನಿಚ್ಚಣಿಕೆಯನ್ನು ತಂದು ಖೋಲಿಯ ಗೋಡೆಗೆ ಇಟ್ಟಳು. ಹಜರತಬೀ ಕೆಳಗೆ ಹಿಡಿದುಕೊಂಡರು. ನಾನು ಹತ್ತಿದೆ.

ತಗಡಿನ ನಾಲ್ಕು ಮೂಲೆಗೆ ನಾಲ್ಕು ಟಾಯರು. ಜೀಪಿನವೋ ಟಂಟಂ ಆಟೋದವೋ, ಗೊತ್ತಾಗಲಿಲ್ಲ. ಗಾಳಿಗೆ ತಗಡು ಏಳಬಾರದೆಂದು ಭಾರಕ್ಕೆ ಇಟ್ಟಿದ್ದು. ನಮ್ಮ ಬಯಲುಸೀಮೆಯಲ್ಲಿ ಇದು ಎಲ್ಲರೂ ಮಾಡುವುದೇ, ಯಾವ ಊರಿಗೆ ಹೋದರೂ ಕಾಣುತ್ತದೆ. ನಾಲ್ಕರಲ್ಲೂ ಅರ್ಧದವರೆಗೆ ತಿಳಿನೀರು. ಬ್ಯಾಟರಿ ಬಿಡುವ ಅಗತ್ಯವೇ ಇರಲಿಲ್ಲ, ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಹುಳಗಳು ಕುಣಿಯುತ್ತಿದ್ದವು. ಕೆಲವು ಕೋಶ ಬಿಟ್ಟು ಹಾರಿಹೋಗಿದ್ದವು, ಸಿಪ್ಪೆ ನೀರಿನ ಮೇಲೆ ತೇಲುತ್ತಿತ್ತು. ಅದರ ನೇರ ಕೆಳಗೆ ರೇಷ್ಮಾಳ ಮಂಚ. ಕಿಟಕಿಗೆ ಜಾಳಿಗೆ ಹಾಕಿದ ಮನುಷ್ಯ ಬಾಗಿಲಿಗೆ ಹಾಕಿರಲಿಲ್ಲ, ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು. ಈ ಸೊಳ್ಳೆ ಕಚ್ಚುವುದೂ ಹಗಲಿನಲ್ಲೇ.

"ಏನೈತ್ರಿ ಬಾಯಾರ ಮ್ಯಾಲ?" ಕೆಳಗಿನಿಂದ ಹಜರತಬೀ ಕೇಳಿದರು.

"ಏನಿಲ್ಲರಿ," ಎಂದೆ.

ನೀಲವ್ವ ನನ್ನ ಮುಖ ನೋಡಿದಳು. ಒಂದೊಂದಾಗಿ ಟಾಯರು ಎತ್ತಿ ಬಗ್ಗಿಸಿ ನೀರು ಚೆಲ್ಲಿದೆ. ಮಡಚಿನಲ್ಲಿ ಉಳಿದದ್ದನ್ನು ನನ್ನ ದುಪ್ಪಟ್ಟಾದಿಂದ ಒರೆಸಿ ತೆಗೆದೆ. ಒರೆಸುತ್ತ ಒರೆಸುತ್ತ ಅಳು ಬಂತು. ಒಂದು ತಿಂಗಳ ಹಿಂದೆ ಎಂಟು ಮೆಟ್ಟಿಲು ಹತ್ತಿದ್ದರೆ ಇಷ್ಟೇ ಕೆಲಸ, ಹತ್ತು ನಿಮಿಷದ್ದು. ಟಾಯರುಗಳನ್ನು ಕೆಳಗಿಳಿಸಿ ಹಿತ್ತಲಿನ ಮೂಲೆಯಲ್ಲಿ ಪೇರಿಸಿ, ಮೇಲೆ ಚೀಲ ಮುಚ್ಚಿ ಇಟ್ಟೆವು. ಹೊಸ ಹಾಳೆಯಲ್ಲಿ ಟೈರು ಎಂಬುದರ ಮುಂದೆ "ನಾಲ್ಕು, ಹುಳ ಇವೆ" ಎಂದು ಬರೆದೆ. ಹಳೆಯ ಹಾಳೆಯಲ್ಲಿ ಅದೇ ಮನೆಯ ಮುಂದೆ ಅದೇ ಸಹಿಯ ಜೊತೆಗೆ "ಇಲ್ಲ" ಇತ್ತು. ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯಾರು, ಕರೆಸಿ ಬೈದಾರು ಎಂದು ದಿನಾ ಕಾದೆ. ಯಾರೂ ನೋಡಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೇನೋ.

ಗದಗಿನ ಆಸ್ಪತ್ರೆಯಲ್ಲಿ ಎಂಟೊಂಬತ್ತು ದಿನ. ನನ್ನ ಮನೆಯಿದ್ದ ಬೆಟಗೇರಿ ಹತ್ತಿರವಾದ್ದರಿಂದ ಮುಂಜಾನೆ ಬಸ್ಸಿಗಿಂತ ಮೊದಲು ಒಮ್ಮೆ, ಸಂಜೆ ಇಳಿದ ಮೇಲೆ ಒಮ್ಮೆ ಹೋಗುತ್ತಿದ್ದೆ. ವರಾಂಡದಲ್ಲಿ ಖಾಜಾಸಾಬರು ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ನಾನು ಏನೋ ಮಾಡಬಲ್ಲೆನೆಂಬಂತೆ.

"ಇವತ್ತ ಕಣ ಎಷ್ಟ ಅದಾವಂತ್ರಿ ಬಾಯಾರ? ಸ್ವಲ್ಪ ಒಳಗ ಕೇಳಿ ಬರ್ರಿ."

ಪ್ಲೇಟ್‌ಲೆಟ್ಟಿಗೆ ಅವರು ಕಣ ಎನ್ನುತ್ತಿದ್ದರು. ಒಳಗೆ ಹೋಗಿ ನರ್ಸುಗಳನ್ನು ಕೇಳುತ್ತಿದ್ದೆ. ನಿನ್ನೆಗಿಂತ ಇಳಿದಿರುತ್ತಿತ್ತು. ಹೊರಗೆ ಬಂದು, "ಏರ್ತಾವ ಕಾಕಾ, ಒಂದೆರಡು ದಿನ ಹಿಡೀತೈತಿ," ಎನ್ನುತ್ತಿದ್ದೆ. ಯಾರೋ ಪಪ್ಪಾಯಿ ಎಲೆಯ ರಸ ಎಂದರು, ಬಸುರಿಗೆ ಬೇಡ ಎಂದು ಡಾಕ್ಟರು ಗದರಿದರು. ರಕ್ತ ಬೇಕೆಂದಾಗ ಲಕ್ಷ್ಮೇಶ್ವರ, ಶಿರಹಟ್ಟಿಯ ಟಂಟಂ ಡ್ರೈವರುಗಳು ಹೇಳದೆಯೇ ಬಂದು ಸಾಲಾಗಿ ನಿಂತರು. ಖಾಜಾಸಾಬರಿಂದ ಪಂಚರ್ ಹಾಕಿಸಿಕೊಳ್ಳದವರು ಅವರಲ್ಲಿ ಒಬ್ಬರೂ ಇರಲಿಲ್ಲ. "ಚಾಚಾ, ನಾವದೀವಿ, ಯಾತಕ್ಕೂ ಅಂಜಬ್ಯಾಡ್ರಿ," ಎಂದು ಒಬ್ಬ ಅವರ ಹೆಗಲು ಹಿಡಿದ. ಅವರು ತಲೆಯಾಡಿಸಿದರು. ಅವರ ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದಿದ್ದವು. ಕೆಲಸವಿಲ್ಲದ ಆ ಕೈಗಳನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಆರನೆಯ ದಿನ ಮುಂಜಾನೆ ಹೋದಾಗ ಖಾಜಾಸಾಬರು ಏಳಲಿಲ್ಲ. ಪಕ್ಕದಲ್ಲಿ ಅಳಿಯ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದ. ಕೂಸಿನ ಎದೆಬಡಿತ ಕೇಳುತ್ತಿಲ್ಲ ಎಂದು ನರ್ಸು ನನ್ನ ಕಿವಿಯಲ್ಲಿ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಹೆರಿಗೆ ಮಾಡಿಸಿದರು. ಗಂಡು. ಕೈಬೆರಳು, ಉಗುರು, ರೆಪ್ಪೆ ಎಲ್ಲ ಮೂಡಿತ್ತು. ಬಿಳಿಯ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಖಾಜಾಸಾಬರು ತಾವೇ ತೆಗೆದುಕೊಂಡರು. ಲಾರಿಯ ಟಾಯರನ್ನು ಒಬ್ಬರೇ ಎತ್ತುತ್ತಿದ್ದವರು ಅದನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡರು. ಅಳಿಯನೂ ಅವರೂ ಲಕ್ಷ್ಮೇಶ್ವರದ ಕಬರಸ್ತಾನಕ್ಕೆ ಹೋದರು. ನಾನು ರೇಷ್ಮಾಳ ಪಕ್ಕದಲ್ಲಿ ಕೂತೆ. ಅವಳು ಛಾವಣಿ ನೋಡುತ್ತ ಮಲಗಿದ್ದಳು. ಮರುದಿನದಿಂದ ಕಣಗಳು ಏರತೊಡಗಿದವು, ಎರಡೇ ದಿನದಲ್ಲಿ ಅವಳು ಎದ್ದು ಕೂತಳು.

ಸಣ್ಣ ವಯಸ್ಸಿನ ಡಾಕ್ಟರೊಬ್ಬರನ್ನು ವರಾಂಡದಲ್ಲಿ ತಡೆದು, ಮನೆಯ ಮೇಲೆಯೇ ಹುಳ ಇದ್ದರೆ ಅದರಿಂದಲೇ ಬಂತೆಂದು ತಿಳಿಯಬೇಕೇ ಎಂದು ಕೇಳಿದ್ದೆ. "ಯಾವ ಸೊಳ್ಳೆ ಎಲ್ಲಿಂದ ಬಂದು ಕಚ್ತು ಅಂತ ಯಾರಿಗೆ ಗೊತ್ತಾಗುತ್ತೆ? ಪಕ್ಕದ ಮನೆಯದೂ ಇರಬಹುದು," ಎಂದರು. ಆ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಅದು ನನ್ನನ್ನು ನಂಬಿಸಲಿಲ್ಲ.

ರೇಷ್ಮಾಳನ್ನು ತವರಿಗೇ ಕರೆತಂದರು. ನಲವತ್ತು ದಿನ ಮುಗಿಯಲಿ, ಆಮೇಲೆ ಮುಂಡರಗಿಗೆ ಹೋದರಾಯಿತು ಎಂದು ಅತ್ತೆ ಮನೆಯವರೂ ಹೇಳಿದ್ದರು. ನಾನು ಆ ಓಣಿಯ ಕಡೆ ಹೋಗುವುದನ್ನು ತಪ್ಪಿಸುತ್ತ ಬಂದೆ. ಶಿರಹಟ್ಟಿ ರಸ್ತೆಯ ಬೆಂಚಿನಲ್ಲೂ ಕೂರಲಿಲ್ಲ. ಕೆಲಸ ಬಹಳ ಎಂದು ನೀಲವ್ವನಿಗೆ ಹೇಳಿದರೆ ಅವಳು ಹೂಂ ಎಂದಳೇ ಹೊರತು ನಂಬಲಿಲ್ಲ. ಆದರೆ ಪಾಳಿಯ ಕೆಲಸ ಬಿಡಲಾಗುವುದಿಲ್ಲ. ಮಳೆಗಾಲದ ಕೊನೆಯ ಸುತ್ತಿಗೆ ಆ ಓಣಿ ಮತ್ತೆ ಬಂತು. ನೀಲವ್ವ ಪಕ್ಕದ ಮನೆಗೆ ಹೋದಳು. ನಾನೊಬ್ಬಳೇ ಖಾಜಾಸಾಬರ ಹಿತ್ತಲಿಗೆ ಹೋದೆ.

ಅವರು ನಿಚ್ಚಣಿಕೆ ಹತ್ತುತ್ತಿದ್ದರು. ಹೆಗಲ ಮೇಲೆ ಒಂದು ಟಾಯರು, ಉಳಿದ ಮೂರು ಕೆಳಗೆ ಗೋಡೆಗೆ ಒರಗಿದ್ದವು. ನನ್ನನ್ನು ಕಂಡು ಅರ್ಧಕ್ಕೆ ನಿಂತರು.

"ಬರ್ರಿ ಬಾಯಾರ. ಗಾಳಿ ಮತ್ತ ಎದ್ದೈತಿ. ತಗಡು ಬಡಕೊಳ್ಳಾಕ ಹತ್ತೈತಿ, ಆ ಹುಡುಗಿಗೆ ನಿದ್ದಿ ಬರವಲ್ದು. ಈಗರ ಕಣ್ಣು ಮುಚ್ಚ್ಯಾಳ." ದನಿ ತಗ್ಗಿಸಿ ಕೇಳಿದರು, "ಇವನ್ನ ಇಳಿಸಿದಾಕಿ ನೀವಂತಲ್ಲ? ನಮ್ಮಾಕಿ ಹೇಳಿದ್ಲು."

"ಹೌದ್ರಿ."

"ನೀವು ಟಾಯರ್ ಅದಾವೇನು ಅಂತ ಕೇಳಿದ್ರಿ. ನಾ ಇಲ್ಲಂದೆ. ನಾ ಸುಳ್ಳು ಹೇಳ್ಲಿಲ್ರಿ ಬಾಯಾರ, ಅಲ್ಲಾನ ಆಣಿ. ಮಗಳ ತಲಿ ಮ್ಯಾಲ ತಗಡು ಗಟ್ಟಿ ಇರ್ಲಿ ಅಂತ ವಜ್ಜ ಇಟ್ಟಿದ್ನಿ. ಅವು ಟಾಯರ್ ಅಂತ ನನ್ನ ಖಬರಿನ್ಯಾಗ ಇರಲೇ ಇಲ್ಲ." ಹೆಗಲ ಮೇಲಿನದರ ಮಡಚಿನಲ್ಲಿ ಬೆರಳಾಡಿಸಿ, "ಖರೆ ಹೇಳ್ರಿ. ಇದರಾಗ ಹುಳ ಇದ್ದವೇನು?" ಎಂದರು.

ಮೂವತ್ತು ವರ್ಷ ಟಾಯರಿನ ಜೊತೆಗೇ ಬದುಕಿದ ಮನುಷ್ಯ. ಹೌದು ಎಂದರೆ ಸಾಯುವ ತನಕ ಹೊತ್ತು ತಿರುಗುತ್ತಾರೆ. ಇಲ್ಲ ಎಂದರೆ ನಾನು ಎರಡನೆಯ ಸಲ ಸುಳ್ಳು ಬರೆದಂತೆ. ನನಗೆ ಎರಡೂ ಬೇಡವಾಗಿತ್ತು, ಮೂರನೆಯದು ಇರಲಿಲ್ಲ.

"ಇರಲಿಲ್ರಿ ಕಾಕಾ," ಎಂದೆ.

ಅವರು ಉಸಿರು ಬಿಟ್ಟರು. ಒಂದು ತಿಂಗಳಿನಿಂದ ಹಿಡಿದಿಟ್ಟಿದ್ದರೇನೋ ಎನ್ನುವಂಥ ಉಸಿರು. "ಅಲ್ಲಾ ನಿಮ್ಮನ್ನ ಚಲೋ ಇಟ್ಟಿರ್ಲಿ," ಎಂದು ತಿರುಗಿ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಟಾಯರು ಮತ್ತೆ ತಗಡಿನ ಮೇಲೆ ಹೋಗುತ್ತಿತ್ತು. ಮೂಡಣದಲ್ಲಿ ಮೋಡ ಕಟ್ಟಿತ್ತು, ಸಂಜೆಗೆ ಮಳೆ ಖಂಡಿತ. ಕೆಳಗೆ ಖೋಲಿಯ ಬಾಗಿಲು ತೆರೆದಿತ್ತು, ರೇಷ್ಮಾಳ ಪಾದ ಕಾಣುತ್ತಿತ್ತು. ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಕಾಕಾ, ಅದನ್ನ ಏರಿಸಬ್ಯಾಡ್ರಿ," ಎಂದೆ. "ಕಲ್ಲು ಇಡ್ರಿ."

"ಹುಳ ಇರಲಿಲ್ಲಂದ್ರಲ್ಲ?"

ಅವರು ನಿಚ್ಚಣಿಕೆಯ ಮೇಲಿಂದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಒಂದೊಂದೇ ಮೆಟ್ಟಿಲು ಇಳಿದು ಬಂದು, ಹೆಗಲ ಮೇಲಿನದನ್ನು ಸಪ್ಪಳವಾಗದಂತೆ ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತರು. ನಾನು ಈಗ ಹೇಳಬೇಕಾಗಿತ್ತು. ಆ ದಿನ ನೀಲವ್ವ ನಿಚ್ಚಣಿಕೆಯ ಹತ್ತಿರವೇ ನಿಂತಿದ್ದಳು, ಹತ್ತಬೇಡ ಎಂದವಳು ನಾನು, ಇದು ನಿಮ್ಮೊಬ್ಬರ ತಪ್ಪಲ್ಲ, ನೋಡುವುದು ನನ್ನ ಕೆಲಸವಾಗಿತ್ತು ಎಂದು.

ಅವರೇ ಮೊದಲು ಮಾತಾಡಿದರು. ಖೋಲಿಯ ಬಾಗಿಲ ಕಡೆ ನೋಡುತ್ತ, ಕೇಳಿಸಿಯೂ ಕೇಳಿಸದಂತೆ, "ಬಾಯಾರ, ಇದನ್ನ ರೇಷ್ಮಾಗ ಹೇಳಬ್ಯಾಡ್ರಿ. ಅಬ್ಬಾ ಮಾಡಿದ್ದು ಅಂತ ಆಕಿಗೆ ಗೊತ್ತಾಗೂದು ಬ್ಯಾಡ," ಎಂದರು.

"ಹೇಳಂಗಿಲ್ರಿ ಕಾಕಾ," ಎಂದೆ.

ಅಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚಿನದೇನನ್ನೂ ಅವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನನ್ನ ತಪ್ಪನ್ನೂ ತಮ್ಮದೆಂದೇ ತಿಳಿದು ಅವರು ನನ್ನ ಎದುರಿಗೆ ಕೈಮುಗಿದರು. ನಾನು ಕೈಮುಗಿಸಿಕೊಂಡೆ.